ನರಸಿಂಹನ ಮೊಣಕಾಲಿನ ಪಟ್ಟಿ ಎಲ್ಲಿ ಹೋಯ್ತು?

ಎಲ್ಲರಿಗೂ ನಮಸ್ಕಾರ. ನಿನ್ನೆ ಪುಣೆಯ ಕೋಥ್ರೂಡಿನ ಕಾಕಾ ಗುಂಪಿಗೆ ಹಾಕಿದ ಕಪ್ಪು-ಬಿಳುಪು ಫೋಟೋ ಹಂಪಿಯ ನರಸಿಂಹನದೇ. ಅವರ ತಂದೆ ತೆಗೆದದ್ದು, ಟ್ರಂಕಿನ ತಳದಲ್ಲಿ ಸಿಕ್ಕಿತಂತೆ. "ಮೊಣಕಾಲಿಗೆ ಪಟ್ಟಿನೇ ಇಲ್ಲ, ಎಡಿಟ್ ಮಾಡಿದ್ದು" ಎಂದು ಮೂರು ಜನ ಬರೆದಿದ್ದೀರಿ. ಸ್ವಲ್ಪ ತಾಳಿ!

ಈಗ ಕಾಣುವ ಆ ಕಲ್ಲಿನ ಯೋಗಪಟ್ಟಿಯನ್ನು (ಯೋಗಾಸನದಲ್ಲಿ ಕೂತಾಗ ಮೊಣಕಾಲುಗಳಿಗೆ ಬಿಗಿಯುವ ಪಟ್ಟಿ) ಕೂರಿಸಿದ್ದು 1980ರ ದಶಕದ ದುರಸ್ತಿಯಲ್ಲಿ. ಅದಕ್ಕೂ ಮುಂಚಿನ ಫೋಟೋಗಳಲ್ಲಿ ಅದು ಇರುವುದಿಲ್ಲ. ಪಟ್ಟಿ ಇಲ್ಲದಿರುವುದೇ ಫೋಟೋ ಹಳೆಯದು ಎನ್ನಲು ಗುರುತು, ಅಲ್ವಾ?

ಅಂದ ಹಾಗೆ, ಉಗ್ರನರಸಿಂಹ ಎನ್ನುವುದು ನಮ್ಮ ಬಾಯಿಗೆ ಬಂದ ಹೆಸರು. 1528ರಲ್ಲಿ ಕೃಷ್ಣದೇವರಾಯ ಒಂದೇ ಬಂಡೆಯಲ್ಲಿ ಕಡೆಸಿದಾಗ ತೊಡೆಯ ಮೇಲೆ ಲಕ್ಷ್ಮಿಯೂ ಇದ್ದಳು. ಈಗ ಅವಳ ಮೂರ್ತಿ ಇಲ್ಲ. ಗಂಡನ ಬೆನ್ನ ಮೇಲಿಟ್ಟ ಕೈ ಮಾತ್ರ ಉಳಿದಿದೆ. ನನಗಂತೂ ಆ ಆರೂವರೆ ಮೀಟರಿಗೂ ಜಾಸ್ತಿ ಎತ್ತರದ ಮೂರ್ತಿಗಿಂತ ಆ ಪುಟ್ಟ ಕೈಯೇ ಹೆಚ್ಚು ಕಾಡುತ್ತದೆ.

ಇದೇ ಫೋಟೋವನ್ನು ಯಾರೋ "ಎಲಿಫೆಂಟಾ ಗುಹೆ" ಎಂದು ಬರೆದು ಬೇರೆ ಗುಂಪಿಗೆ ಕಳಿಸಿದ್ದಾರೆ. ಸುಮ್ನೆ ಹಾಗೆ ಮಾಡಬೇಡಿ.

ಕಾಕಾ, ಒಂದು ವಿನಂತಿ. ಫೋಟೋಗೆ ಲ್ಯಾಮಿನೇಶನ್ ಮಾಡಿಸಬೇಡಿ. ಹಿಂಬದಿಯಲ್ಲಿ ತಾರೀಖು ಬರೆದಿದೆಯಾ ನೋಡಿ. ಸ್ಕ್ಯಾನ್ ಮಾಡಿಸಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಮಸುಕಾಗುತ್ತದೆ. ಉಳಿದವರ ಮನೆಯಲ್ಲೂ ಇಂಥವು ಇದ್ದರೆ ಭಾನುವಾರ ಸೇರುವಾಗ ತನ್ನಿ.