ಲಂಡನ್ನಿನ ಬರೋ ಚುನಾವಣೆ: ಭಾರತದ ಪಾಸ್‌ಪೋರ್ಟ್ ಇದ್ದವರಿಗೂ ಮತವಿದೆ

ಮಾನ್ಯರೇ,

ಲಂಡನ್ನಿನ ಬರೋ (ಸ್ಥಳೀಯ ಆಡಳಿತದ ವಿಭಾಗ) ಚುನಾವಣೆ ಎಂದರೆ ಮೇಯರ್ ಯಾರಾದರು ಎಂಬುದೊಂದೇ ನಮ್ಮಲ್ಲಿ ಸುದ್ದಿ. ಅಲ್ಲಿನ 32 ಬರೋಗಳ ಪೈಕಿ ಕ್ರಾಯ್ಡನ್, ನ್ಯೂಹ್ಯಾಮ್ ಸೇರಿ ಐದರಲ್ಲಿ ಮಾತ್ರ ಜನ ನೇರವಾಗಿ ಮೇಯರನ್ನು ಆರಿಸುತ್ತಾರೆ. ಉಳಿದೆಡೆ ಅದು ಅಲಂಕಾರದ ಹುದ್ದೆ. ತೆರಿಗೆ, ಕಸ, ಪಾರ್ಕಿಂಗ್, ಕೌನ್ಸಿಲ್ (ಬರೋದ ಆಡಳಿತ ಮಂಡಳಿ) ಬಾಡಿಗೆಗೆ ಕೊಡುವ ಮನೆ ಎಲ್ಲವೂ ಕೌನ್ಸಿಲರ್‌ಗಳು ಆರಿಸುವ ‘ಲೀಡರ್’ ಕೈಯಲ್ಲಿ.

2022ರ ಮೇ 5ರಂದು ವಾಂಡ್ಸ್‌ವರ್ತ್‌ನಲ್ಲಿ ಕೌನ್ಸಿಲ್‌ನ 58 ಸ್ಥಾನಗಳ ಪೈಕಿ 35 ಲೇಬರ್ ಪಕ್ಷದ ಪಾಲಾದವು. 1978ರಿಂದ ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷ 22ಕ್ಕೆ ಇಳಿಯಿತು. ಗಾಳಿ ಒಂದೇ ಕಡೆ ಬೀಸಿತು ಎನ್ನುವಂತಿಲ್ಲ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿರುವ ಹ್ಯಾರೋದಲ್ಲಿ ಅದೇ ದಿನ 55ರಲ್ಲಿ 31 ಗೆದ್ದ ಕನ್ಸರ್ವೇಟಿವರು ಲೇಬರ್‌ನಿಂದ ಅಧಿಕಾರ ಕಿತ್ತುಕೊಂಡರು.

ಇದನ್ನು ಬರೆಯಲು ಕಾರಣವಿದೆ. ಭಾರತವೂ ಸೇರಿರುವ ಕಾಮನ್‌ವೆಲ್ತ್ ಕೂಟದ ದೇಶದ ಪ್ರಜೆ ಕಾನೂನುಬದ್ಧವಾಗಿ ಅಲ್ಲಿ ವಾಸವಿದ್ದು 18 ತುಂಬಿದ್ದರೆ ಮತ ಹಾಕಬಹುದು. ವಿದ್ಯಾರ್ಥಿ ವೀಸಾ ಆದರೂ ಸರಿ, ಕೆಲಸದ ವೀಸಾ ಆದರೂ ಸರಿ. ಆದರೆ ಹೆಸರು ತಾನಾಗಿಯೇ ಪಟ್ಟಿಗೆ ಸೇರುವುದಿಲ್ಲ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಆನ್‌ಲೈನಿನಲ್ಲಿ ಅರ್ಜಿ ಹಾಕಿರಬೇಕು. ಈಸ್ಟರ್ ರಜೆ ನಡುವೆ ಬಂದರೆ ಆ ಗಡುವು ಇನ್ನೂ ಹಿಂದಕ್ಕೆ ಸರಿಯುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ.

ಹೆಚ್ಚಿನ ವಾರ್ಡ್‌ಗಳಿಗೆ ಎರಡು ಅಥವಾ ಮೂರು ಸ್ಥಾನ. ನಮ್ಮ ಗ್ರಾಮ ಪಂಚಾಯಿತಿಯಂತೆ, ಎಷ್ಟು ಸ್ಥಾನವೋ ಅಷ್ಟು ಮತ. ಇಂತಿಷ್ಟು ಎಂದು ಮತಪತ್ರದ ತಲೆಯಲ್ಲೇ ಬರೆದಿರುತ್ತದೆ. ಒಂದೇ ಗುರುತು ಹಾಕಿ ಬಂದರೂ ನಡೆಯುತ್ತದೆ, ಮಿಕ್ಕ ಮತ ವ್ಯರ್ಥ ಅಷ್ಟೆ. ಮೂರರ ಜಾಗದಲ್ಲಿ ನಾಲ್ಕು ಹಾಕಿದರೆ ಮಾತ್ರ ಇಡೀ ಚೀಟಿಯೇ ಅಸಿಂಧು. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ. ದಾರ ಕಟ್ಟಿಟ್ಟ ಪೆನ್ಸಿಲ್ಲಿನಲ್ಲಿ ಕತ್ತರಿ ಗುರುತು ಹಾಕಿದರಾಯಿತು.

2023ರಿಂದ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ಪತ್ರ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ಸಾಕು. ನಮ್ಮ ಡ್ರೈವಿಂಗ್ ಲೈಸೆನ್ಸ್, ಆಧಾರ್ ನಡೆಯುವುದಿಲ್ಲ. ಮೊಬೈಲಿನಲ್ಲಿ ತೋರಿಸುವ ಇ-ವೀಸಾ ಕೂಡ ಲೆಕ್ಕಕ್ಕಿಲ್ಲ. ನಮ್ಮವರಲ್ಲಿ ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇನ್ನು ಕೆಲವರಿಗೆ ಅಪ್ಪನ ಹೆಸರೋ ಊರಿನ ಹೆಸರೋ ಅಲ್ಲಿ ಕೂತಿರುತ್ತದೆ. ಅರ್ಜಿಯಲ್ಲಿ ಇನಿಷಿಯಲ್ ಬರೆದು ಬಾಗಿಲಲ್ಲಿ ತಕರಾರು ಮಾಡಿಕೊಳ್ಳುವ ಬದಲು, ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ತುಂಬಿ ಎಂದು ಮಕ್ಕಳಿಗೆ ಇಲ್ಲಿಂದಲೇ ಫೋನ್ ಮಾಡಿ ಹೇಳಬಹುದು.

— ಓದುಗ, ಬೆಂಗಳೂರು