ಬೆಂಚಿನ ಮೇಲೆ ಕೂರುವ ಮುನ್ನ

ಚಿ. ಅಳಿಯನಿಗೆ ಆಶೀರ್ವಾದಗಳು.

ಎರಡು ಫುಟ್‌ಬಾಲ್ ಕ್ಲಬ್ಬುಗಳ ಕರಾರು ಮುಂದಿಟ್ಟುಕೊಂಡು ಯಾವುದಕ್ಕೆ ಸಹಿ ಹಾಕಲಿ ಅಂತ ಕೇಳಿದ್ದೀಯ. ದೊಡ್ಡ ಹೆಸರಿನ ಕ್ಲಬ್ಬಿನಲ್ಲಿ ನಿನ್ನ ಜಾಗಕ್ಕೆ ಆಗಲೇ ಇಬ್ಬರು ಫಾರ್ವರ್ಡ್‌ಗಳಿದ್ದಾರೆ. ಚಿಕ್ಕದರಲ್ಲಿ ನೀನೇ ಒಂಬತ್ತನೇ ನಂಬರು, ಅಂದರೆ ಮುಖ್ಯ ಫಾರ್ವರ್ಡ್. ಸಹಿಗೆ ಮುಂಚೆ ಜಾರ್ಜಿಯ ದೇಶಕ್ಕೆ ಆಡುವ ಫಾರ್ವರ್ಡ್ ಜಾರ್ಜ್ ಮಿಕೌತಾದ್ಜೆ ನಡೆದ ದಾರಿಯನ್ನೊಮ್ಮೆ ನೋಡು. ಗೋಲುಗಳ ವಿಡಿಯೊ ಇರಲಿ, ಎಲ್ಲಿಂದ ಎಲ್ಲಿಗೆ ಹೋದ ಅನ್ನುವುದನ್ನು ನೋಡು.

ಹುಟ್ಟಿದ್ದು 2000ದಲ್ಲಿ, ಫ್ರಾನ್ಸಿನ ಲಿಯೋನ್‌ನಲ್ಲಿ. ಊರಿನ ದೊಡ್ಡ ಕ್ಲಬ್ಬಿನ ಅಕಾಡೆಮಿ ಅವನನ್ನು ಉಳಿಸಿಕೊಳ್ಳಲಿಲ್ಲ. ಪಕ್ಕದ ಸಾಂ ಪ್ರಿಯೆಸ್ಟ್‌ನಲ್ಲಿ ಆಡಿ, ಫ್ರಾನ್ಸಿನದೇ ಇನ್ನೊಂದು ಕ್ಲಬ್ಬು ಮೆಟ್ಜ್ ಸೇರಿದ. ಮೆಟ್ಜ್ ಅವನನ್ನು ಎರವಲು ಕಳಿಸಿದ್ದು ಬೆಲ್ಜಿಯಂನ ಎರಡನೇ ದರ್ಜೆಯ ಸೆರೇಂಗ್‌ಗೆ. ಹೆಸರು ಕೇಳಿದವರೇ ಕಮ್ಮಿ. ಅಲ್ಲಿ ಗೋಲು ಹೊಡೆದ, 2021ರಲ್ಲಿ ತಂಡ ಮೇಲಿನ ದರ್ಜೆಗೇರಿತು. ಮರಳಿ ಬಂದು 2022-23ರ ಲೀಗ್ 2ರಲ್ಲಿ, ಅಂದರೆ ಫ್ರಾನ್ಸಿನ ಎರಡನೇ ದರ್ಜೆಯಲ್ಲಿ, 23 ಗೋಲು, ಮೆಟ್ಜ್‌ಗೂ ಬಡ್ತಿ.

ಆಮೇಲೆ ನೆದರ್ಲೆಂಡ್ಸಿನ ದೊಡ್ಡ ಕ್ಲಬ್ಬು ಅಯಾಕ್ಸ್. ಬೆಲೆ ಸುಮಾರು 1.6 ಕೋಟಿ ಯೂರೊ. ತಂಡ ಸೇರಿದ್ದು ಲೀಗು ಶುರುವಾದ ಮೇಲೆ, ಅಂದರೆ ಬೇಸಿಗೆಯ ತಯಾರಿ ಶಿಬಿರ ಕೈತಪ್ಪಿತ್ತು. ಫಾರ್ವರ್ಡ್‌ಗೆ ಇದು ಸಣ್ಣ ನಷ್ಟವಲ್ಲ. ಯಾವ ಮಿಡ್‌ಫೀಲ್ಡರ್ ಚೆಂಡನ್ನು ಕಾಲಿಗೆ ಕೊಡುತ್ತಾನೆ, ಯಾರು ಡಿಫೆಂಡರ್‌ಗಳ ಬೆನ್ನ ಹಿಂದಕ್ಕೆ ತೂರಿಸುತ್ತಾನೆ ಅನ್ನುವುದು ಕಾಲಿಗೆ ರೂಢಿಯಾಗುವುದು ಆ ಕೆಲವು ವಾರಗಳಲ್ಲೇ. ತಂಡವೂ ಆಗ ಪಾತಾಳಕ್ಕಿಳಿದಿತ್ತು; ಅಕ್ಟೋಬರ್‌ನಲ್ಲಿ ಕೋಚನ್ನೇ ತೆಗೆದರು. ಕೋಚ್ ಬದಲಾದರೆ ಹಿಂದಿನವರ ಕಾಲದಲ್ಲಿ ಬಂದ ಆಟಗಾರ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಜನವರಿವರೆಗೆ ಅವನ ಲೆಕ್ಕಕ್ಕೆ ಲೀಗಿನಲ್ಲಿ ಒಂದು ಗೋಲೂ ಸೇರಲಿಲ್ಲ.

ಇಲ್ಲಿ ಒಂದು ನಿಯಮ ನಿನಗೆ ಗೊತ್ತಿರಬೇಕು. ಫಿಫಾ ಪ್ರಕಾರ ಒಂದು ಸೀಸನ್ನಿನಲ್ಲಿ ಮೂರು ಕ್ಲಬ್ಬುಗಳಲ್ಲಿ ಹೆಸರು ನೋಂದಾಯಿಸಬಹುದು, ಆದರೆ ಅಧಿಕೃತ ಪಂದ್ಯ ಆಡಲು ಸಾಮಾನ್ಯವಾಗಿ ಎರಡಕ್ಕಷ್ಟೇ ಅವಕಾಶ. ಅವನು ಆಗಸ್ಟ್‌ನಲ್ಲಿ ಮೆಟ್ಜ್‌ಗೆ ಆಡಿಯಾಗಿತ್ತು, ಆಮೇಲೆ ಅಯಾಕ್ಸ್‌ಗೆ. ಮೂರನೇ ಬಾಗಿಲು ಮುಚ್ಚಿತ್ತು. ಒಂದೋ ಬೆಂಚು, ಇಲ್ಲವೋ ಬಿಟ್ಟುಬಂದ ಮನೆ. ಎರವಲಿನ ಮೇಲೆ ಮೆಟ್ಜ್‌ಗೇ ಮರಳಿದ. ಜನ ಇದನ್ನು ಮುಖಭಂಗ ಅನ್ನುತ್ತಾರೆ. ನನ್ನ ಪ್ರಕಾರ ಅವನು ಮಾಡಿದ ಅತ್ಯುತ್ತಮ ಲೆಕ್ಕಾಚಾರ ಅದೇ. ಆ ಸೀಸನ್ನು ಫ್ರಾನ್ಸಿನ ಮೇಲಿನ ದರ್ಜೆಯಾದ ಲೀಗ್ 1ರಲ್ಲಿ 13 ಗೋಲು ಹೊಡೆದ. ಮೆಟ್ಜ್ ಕೆಳದರ್ಜೆಗೆ ಜಾರಿತು, ಇವನ ಬೆಲೆ ಜಾರಲಿಲ್ಲ.

ಆ ಲಯದಲ್ಲೇ 2024ರ ಯೂರೊ, ಅಂದರೆ ಯುರೋಪಿನ ದೇಶಗಳ ಟೂರ್ನಿ, ಬಂತು, ಜಾರ್ಜಿಯಕ್ಕೆ ಮೊದಲ ದೊಡ್ಡ ಟೂರ್ನಿ. ಟರ್ಕಿಯ ಮೇಲೆ ದೇಶದ ಮೊತ್ತಮೊದಲ ಗೋಲು, ಝೆಕ್ ಮತ್ತು ಪೋರ್ಚುಗಲ್ ಮೇಲೆ ಪೆನಾಲ್ಟಿ. ಮೂರು ಗೋಲಿಗೆ ಗರಿಷ್ಠ ಸ್ಕೋರರ್‌ಗಳ ಸಾಲಿನಲ್ಲಿ ನಿಂತ.

ನೀನು ತಿರುತಿರುಗಿ ನೋಡಬೇಕಾದದ್ದು ಮಾತ್ರ ಅವನು ಹೊಡೆಯದ ಗೋಲು. ಪೋರ್ಚುಗಲ್ ಪಂದ್ಯದ ಎರಡನೇ ನಿಮಿಷ. ಎದುರಾಳಿಯ ತಪ್ಪು ಪಾಸು ಇವನ ಕಾಲಿಗೆ ಸಿಕ್ಕಿತು. ಅವಸರದಲ್ಲಿ ಬಾರಿಸಲಿಲ್ಲ, ತಾನೇ ಹೊಡೆಯಬೇಕೆಂಬ ಆಸೆಗೂ ಬೀಳಲಿಲ್ಲ. ಚೆಂಡನ್ನು ಒಯ್ದು ಡಿಫೆಂಡರ್‌ಗಳ ಗಮನ ತನ್ನತ್ತ ಸೆಳೆದು, ಎಡಕ್ಕೆ ಓಡುತ್ತಿದ್ದ ತನ್ನದೇ ತಂಡದ ಕ್ವಾರತ್ಸ್ಖೇಲಿಯನ ಮುಂದಕ್ಕೆ ಬಿಟ್ಟ; ಅವನು ಗೋಲು ಹೊಡೆದ. ಕಾಲಿಗಲ್ಲ, ಮುಂದಕ್ಕೆ. ಪಾಸು ಕಾಲಡಿಗೆ ಬಂದಿದ್ದರೆ ಓಟ ಕುಂಟುತ್ತಿತ್ತು, ಡಿಫೆಂಡರ್ ಹಿಡಿದುಬಿಡುತ್ತಿದ್ದ. ನೀನು ಈ ಜಾಗದಲ್ಲಿ ಒಂದು ಟಚ್ ಹೆಚ್ಚು ತೆಗೆದುಕೊಳ್ಳುತ್ತೀಯ. ಅಷ್ಟರಲ್ಲಿ ಓಡುವವನು ಆಫ್‌ಸೈಡಿಗೆ ಹೋಗಿರುತ್ತಾನೆ.

ಅದೇ ಬೇಸಿಗೆಯಲ್ಲಿ ಹಿಂದೆ ಬೇಡವೆಂದ ಲಿಯೋನ್ ಅವನನ್ನು ದುಡ್ಡು ಕೊಟ್ಟು ಕೊಂಡಿತು. 2025ರಲ್ಲಿ ಸ್ಪೇನಿನ ವಿಯ್ಯಾರಿಯಲ್.

ಈಗ ನಿನ್ನ ಕಾಗದ. ದೊಡ್ಡ ಕ್ಲಬ್ಬು "ಆಮೇಲೆ ಎರವಲು ಕಳಿಸುತ್ತೇವೆ" ಅಂದಿದೆಯಲ್ಲ, ಬಾಯಿಮಾತಿಗೆ ಬೆಲೆಯಿಲ್ಲ. ಎರವಲಿನ ಕಾಲದಲ್ಲಿ ಸಂಬಳ ಯಾರು ಕೊಡುತ್ತಾರೆ, ಮಧ್ಯದಲ್ಲಿ ವಾಪಸ್ ಕರೆಸುವ ಹಕ್ಕು ಯಾರಿಗಿದೆ, ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಕೊನೆಗೆ ನಿನ್ನನ್ನು ಕೊಳ್ಳುವುದು ಎರವಲು ಪಡೆದ ಕ್ಲಬ್ಬಿನ ಇಷ್ಟಕ್ಕೆ ಬಿಟ್ಟದ್ದೋ ಕಡ್ಡಾಯವೋ, ಇಷ್ಟನ್ನೂ ಬರವಣಿಗೆಯಲ್ಲಿ ಕೇಳು. ಇಷ್ಟಕ್ಕೆ ಬಿಟ್ಟಿದ್ದರೆ, ನೀನು ಗಾಯಗೊಂಡ ತಿಂಗಳು ಅವರ ಇಷ್ಟ ಬದಲಾಗುತ್ತದೆ. ಸೀಸನ್ನಿನ ಮೊದಲ ವಾರ ಕೊನೆಯ ಐದು ನಿಮಿಷಕ್ಕೆ ಇಳಿಸಿದರೂ ಎರಡರಲ್ಲಿ ಒಂದು ಅವಕಾಶ ಖರ್ಚಾದಂತೆ, ಅದೂ ನೆನಪಿರಲಿ.

ನನ್ನ ಮತ ಚಿಕ್ಕ ಕ್ಲಬ್ಬಿಗೆ. ಎರಡೂ ಕರಾರಿನ ಎಲ್ಲ ಪುಟಗಳ ಫೋಟೊ ಕಳಿಸು, ಕೊನೆಯ ಪುಟದ ಸಣ್ಣಕ್ಷರವೂ ಓದುವ ಹಾಗಿರಲಿ.

ಇಂತಿ,
ನಿನ್ನ ಸೋದರಮಾವ