ಸೊನ್ನೆ ಬಿಲ್ಲಿನ ಮನೆಗೊಂದು ಫ್ಯಾನ್ ಕೊಡಿ: ಇಂಧನ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಇಂಧನ ಸಚಿವರಿಗೆ ನಮಸ್ಕಾರಗಳು.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಜಾರಿಯಾದ 2023ರಿಂದ ನಮ್ಮ ಮನೆಗೆ ಸೊನ್ನೆ ಬಿಲ್ ಬರುತ್ತಿದೆ. ತಿಂಗಳ ಕೊನೆಯಲ್ಲಿ ಅಷ್ಟು ದುಡ್ಡು ಕೈಯಲ್ಲಿ ಉಳಿಯುವುದು ಎಂಥ ನಿರಾಳ ಎಂದು ಬಲ್ಲೆ. ಯೋಜನೆ ನಿಲ್ಲಿಸಿ ಎನ್ನಲು ಬರೆಯುತ್ತಿಲ್ಲ.

ನಮ್ಮ ನಡುಮನೆಯ ಫ್ಯಾನಿಗೆ ಎರಡು ಸಲ ರಿವೈಂಡಿಂಗ್ ಮಾಡಿಸಿದ್ದೇವೆ. ಇಂಥ ಹಳೆಯ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ 197 ಯೂನಿಟ್ ಉಳಿಯುತ್ತದೆ, ಅದೂ ಒಂದೇ ಫ್ಯಾನಿನಿಂದ. ಆದರೆ ಆ ಉಳಿತಾಯ ನನ್ನ ಜೇಬಿಗೆ ಬರುವುದಿಲ್ಲ, ನನ್ನ ಬಿಲ್ ಈಗಾಗಲೇ ಸೊನ್ನೆ. ಮೂರು ಸಾವಿರ ಕೊಟ್ಟು ಹೊಸ ಫ್ಯಾನ್ ಏಕೆ ಎಂದು ಮನೆಯವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಸರ್ಕಾರದ ಬಳಿ ಇದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ನಮ್ಮ ಬಿಲ್ಲಿಗೆ ನೀವು ಕೊಡುವ ಸಬ್ಸಿಡಿಯಲ್ಲಿ ವರ್ಷಕ್ಕೆ ಸುಮಾರು 1,180 ರೂಪಾಯಿ ಉಳಿಯುತ್ತದೆ. ಫ್ಯಾನಿನ ಪೂರ್ತಿ ಬೆಲೆ ನೀವೇ ಭರಿಸಿದರೂ ಮೂರು ವರ್ಷದೊಳಗೆ ವಾಪಸ್ ಬರುತ್ತದೆ. ಅರ್ಧ ನಾವು ಕೊಡುತ್ತೇವೆ, ಇನ್ನರ್ಧ ರಿಯಾಯಿತಿ ಕೊಡಿ.

ಇಂಥ ಫ್ಯಾನ್ ಕೊಂಡವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗಲಿ ಎನ್ನುವವರಿದ್ದಾರೆ. ತೆರಿಗೆ ಕಟ್ಟುವಷ್ಟು ಸಂಪಾದನೆಯೇ ಇಲ್ಲದವರಿಗೆ ಅದರಿಂದೇನು ಸಿಕ್ಕೀತು? ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ತಾರಸಿಯ ಮೇಲೆ ಹಾಕಿಸುವ 3 ಕಿಲೋವ್ಯಾಟ್ ಸೋಲಾರಿಗೆ 78,000 ರೂಪಾಯಿ ಸಹಾಯಧನವಿದೆ, ಒಳ್ಳೆಯದೇ. ಬಾಡಿಗೆ ಮನೆಯವರಿಗೆ ತಾರಸಿ ಎಲ್ಲಿಂದ ಬರಬೇಕು? ಫ್ಯಾನ್ ಹಾಗಲ್ಲ, ಮನೆ ಬದಲಿಸುವಾಗ ಬಿಚ್ಚಿಕೊಂಡು ಹೋಗಬಹುದು.

ಇಂಥದ್ದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. ಸೋಲಾರ್ ವಾಟರ್ ಹೀಟರ್ ಹಾಕಿಸಿದವರಿಗೆ ಯೂನಿಟ್ಟಿಗೆ 50 ಪೈಸೆ ಬಿಟ್ಟುಕೊಟ್ಟ ರಾಜ್ಯವಿದು. ಹೊಸ ಬೆಳಕು ಯೋಜನೆಯಲ್ಲಿ ಎಲ್‌ಇಡಿ ಬಲ್ಬ್ ಮನೆಮನೆ ಸೇರಿದ್ದನ್ನೂ ಕಂಡಿದ್ದೇವೆ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಹಳೆಯ ಫ್ಯಾನ್ ತಂದೊಪ್ಪಿಸಿದವರಿಗೇ ಹೊಸದು ಕೊಡಿ, ಹಳೆಯದನ್ನು ಗುಜರಿಗೆ ಹಾಕಿಸಿ. ಇಲ್ಲದಿದ್ದರೆ ಅದು ಪಕ್ಕದ ಕೋಣೆಯಲ್ಲಿ ಮತ್ತೆ ತಿರುಗುತ್ತದೆ, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಬೇಸಿಗೆ ಶುರುವಾಗುವ ಮೊದಲು ಒಂದೇ ಒಂದು ಉಪವಿಭಾಗದಲ್ಲಾದರೂ ಆರಂಭಿಸಿ ನೋಡಿ. ನಮ್ಮ ಫ್ಯಾನನ್ನು ನಾನೇ ಹೊತ್ತು ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗೃಹಜ್ಯೋತಿಯ ಒಬ್ಬ ಫಲಾನುಭವಿ